ಗ್ಲಾಮರ್ ಹುಟ್ಟಿದ್ದು ಗ್ರಾಮರ್‌ನಿಂದಲಾ?

ತುಮಕೂರು ಹುಡುಗಿ:
ನಾನು ತುಮಕೂರಿನಲ್ಲಿ ಬಿ.ಎ. ಓದುತ್ತಿದ್ದೇನೆ. ಗ್ಲಾಮರ್ ಅನ್ನೋದು ಸ್ಕಾಟ್ಲೆಂಡಿನ ಹಳೇ ಸ್ಕಾಟ್ಸ್ ಮಾತು, ಗ್ರಾಮರ್‌ನಿಂದಲೇ ಬಂದಿದ್ದು ಅಂತ ನಮ್ಮ ಮೇಡಂ ಹೇಳಿದರು. ಸಿನಿಮಾದವರ ಗ್ಲಾಮರ್‌ಗೂ ವ್ಯಾಕರಣಕ್ಕೂ ಎಲ್ಲಿಯ ನಂಟು? ಗೊತ್ತಿರುವವರು ಸ್ವಲ್ಪ ಬಿಡಿಸಿ ಹೇಳ್ತೀರಾ?

ಮಧುಗಿರಿ ಮೇಷ್ಟ್ರು:
ನಿಮ್ಮ ಮೇಡಂ ಹೇಳಿದ್ದು ನಿಜ ಕಣಮ್ಮ. ಹೈಸ್ಕೂಲಿನಲ್ಲಿ ಇಂಗ್ಲಿಷ್ ಪಾಠ ಮಾಡಿದವನು ನಾನು, ನನಗೆ ತುಂಬಾ ಇಷ್ಟದ ಪದ ಇದು.

ಹಿಂದೆ ಯೂರೋಪಿನಲ್ಲಿ ಗ್ರಾಮರ್ ಅಂದರೆ ಬರೀ ವ್ಯಾಕರಣ ಅಲ್ಲ. ಲ್ಯಾಟಿನ್ ಓದು, ಒಟ್ಟಾರೆ ವಿದ್ಯೆ. ಪುಸ್ತಕ ಹಿಡಿದವನಿಗೆ ಮಂತ್ರವೂ ಬರುತ್ತೆ ಅಂತ ಓದು ಬಾರದ ಜನ ನಂಬಿದ್ದರು. ನಮ್ಮ ಕಡೆ ಮಗು ರಾತ್ರಿ ಬೆಚ್ಚಿಬಿದ್ದರೆ ಅಂತ್ರ ಕಟ್ಟಿಸುತ್ತಾರಲ್ಲ, ಅದನ್ನೇ ನೋಡಿ. ತಾಮ್ರದ ತಗಡಿನ ಮೇಲೆ ನಾಲ್ಕು ಅಕ್ಷರ ಕೊರೆದು, ಸುರುಳಿ ಸುತ್ತಿ, ತಾಯತದೊಳಗೆ ತೂರಿಸಿ ಕರಿದಾರದಲ್ಲಿ ಕಟ್ಟುತ್ತಾರೆ. ಆ ಅಕ್ಷರ ಯಾರೂ ಓದುವುದಿಲ್ಲ, ಆದರೂ ಅದಕ್ಕೆ ಶಕ್ತಿ ಇದೆ ಅಂತ ನಂಬಿಕೆ. ಗ್ರಾಮರ್‌ಗೂ ಹೀಗೇ ಮಾಟ ಅನ್ನೋ ಅರ್ಥ ಅಂಟಿಕೊಂಡಿತು. ಸ್ಕಾಟರ ಬಾಯಲ್ಲಿ ಮೊದಲ ರಕಾರ ಲಕಾರವಾಗಿ ಗ್ಲಾಮರ್ ಆಯಿತು. ನಮ್ಮ ಹಳ್ಳಿಗಳಲ್ಲಿ ನಂಬರ್ ಹೋಗಿ ಲಂಬರು ಆಗಲಿಲ್ವಾ?

ಅಲನ್ ರಾಮ್ಸೆ ಅನ್ನೋ ಸ್ಕಾಟಿಷ್ ಕವಿ 1721ರ ತನ್ನ ಕವನಗಳ ಪುಸ್ತಕದಲ್ಲಿ ಇದಕ್ಕೆ ಅರ್ಥ ಕೊಟ್ಟಿದ್ದಾನೆ. ದೆವ್ವಗಳು, ಮಾಟಗಾರರು ನೋಡುವವರ ಕಣ್ಣಿಗೆ ಮೋಸ ಮಾಡಿದರೆ ಗ್ಲಾಮರ್ ಹಾಕಿದರು ಅಂತಾರಂತೆ. ಅಪ್ಪಟ ನಮ್ಮ ಕಣ್ಕಟ್ಟು! ಇನ್ನೊಬ್ಬ ಸ್ಕಾಟಿಷ್ ಕವಿ ರಾಬರ್ಟ್ ಬರ್ನ್ಸ್ 1789ರ ಒಂದು ಪದ್ಯದಲ್ಲಿ ಗ್ಲಾಮರ್, ಗ್ರಾಮರ್ ಎರಡನ್ನೂ ಪ್ರಾಸಕ್ಕೆ ಕೂರಿಸಿದ್ದಾನೆ. ಅಲ್ಲಿ ಗ್ರಾಮರ್ ಕೂಡ ಮಾಟದ ವಿದ್ಯೆಯೇ. ಆಮೇಲೆ ಅಲ್ಲಿನ ಲೇಖಕ ವಾಲ್ಟರ್ ಸ್ಕಾಟ್ ಬಳಸಿದ, ಇಂಗ್ಲೆಂಡಿನವರಿಗೂ ರೂಢಿಯಾಯಿತು. ಚೆಲುವಿನ ಸೆಳೆತ ಅನ್ನೋ ಅರ್ಥ ಅದಕ್ಕೂ ಈಚಿನದು. ಹಾಲಿವುಡ್ ಅದನ್ನು ಊರೂರಿಗೂ ಮುಟ್ಟಿಸಿತು.

ಗುಬ್ಬಿ ಕಡೆಯವನು:
ಮೇಷ್ಟ್ರೇ, ಹಾಗಾದರೆ ನಮ್ಮ ಮೋಡಿ? ಜಾತ್ರೆಯಲ್ಲಿ ಮೋಡಿ ಆಟ ಆಡ್ತಿದ್ದರು. ಈಗ ನೋಡಿದರೆ ಹಾಡಿನ ಮೋಡಿ, ಕಣ್ಣಿನ ಮೋಡಿ.

ಮಧುಗಿರಿ ಮೇಷ್ಟ್ರು:
ಅದೂ ಇದೇ ದಾರಿ ಹಿಡಿದ ಪದ ಸ್ವಾಮಿ. ಗ್ಲಾಮರ್‌ಗೆ ಕನ್ನಡದಲ್ಲಿ ಏನು ಅಂತ ಮಕ್ಕಳು ಕೇಳಿದರೆ ನಾನು ಮೋಡಿ ಅಂತಲೇ ಹೇಳುತ್ತಿದ್ದೆ. ಮೋಹಕತೆ ಅಂದರೆ ಅದರೊಳಗಿನ ಮಾಟ ಹೋಗಿಬಿಡುತ್ತೆ.

ಅಂದಹಾಗೆ ಹುಡುಗಿ, ಗ್ಲಾಮರ್ ಬರೆಯುವಾಗ ಓ ಆದಮೇಲೆ ಯು ಇರಲಿ. ಗ್ಲಾಮರಸ್ ಬರೆಯುವಾಗ ಆ ಯು ಬಿಡಬೇಕು. ಪರೀಕ್ಷೆಯಲ್ಲಿ ಜಾಸ್ತಿ ಜನ ಅಲ್ಲೇ ತಪ್ಪುತ್ತಾರೆ.