ರಾತ್ರಿ ಇಂಟರ್ನೆಟ್ ನಿಧಾನ, ಟ್ರೇಸರ್ಟ್‌ನಲ್ಲಿ ಮೂರನೇ ಹಾಪ್ ಬರೀ ನಕ್ಷತ್ರ

ಪ್ರಶ್ನೆ
ಅಪಾರ್ಟ್‌ಮೆಂಟ್, 100 ಎಂಬಿಪಿಎಸ್ ಫೈಬರ್. ಬೆಳಿಗ್ಗೆ ಸ್ಪೀಡ್ ಟೆಸ್ಟ್ 90 ದಾಟುತ್ತೆ, ರಾತ್ರಿ 8ರ ಮೇಲೆ 15–20. ವಿಡಿಯೋ ಕಾಲ್ ನಿಂತು ನಿಂತು ಬರುತ್ತೆ. ಲ್ಯಾಪ್‌ಟಾಪ್ ವೈಫೈನಲ್ಲಿದೆ. ರೂಟರ್‌ಗೆ (192.168.1.1) ಪಿಂಗ್, ಅಂದ್ರೆ ಚಿಕ್ಕ ಡೇಟಾ ತುಣುಕು (ಪ್ಯಾಕೆಟ್) ಹೋಗಿ ಬರೋ ಸಮಯ, ಸರಾಸರಿ 38 ಮಿಲಿಸೆಕೆಂಡ್, ಗರಿಷ್ಠ 410. ಹೊರಗಿನ 8.8.8.8ಕ್ಕೆ (ಗೂಗಲ್ ಸರ್ವರ್) ಸರಾಸರಿ 62, ಲಾಸ್ (ಉತ್ತರ ಬಾರದ ಪ್ಯಾಕೆಟ್) 6%. ಡೇಟಾ ಹೋಗೋ ದಾರಿ ತೋರಿಸೋ ಟ್ರೇಸರ್ಟ್ ಕಮಾಂಡ್‌ನಲ್ಲಿ ಮೂರನೇ ಹಾಪ್ (ದಾರಿಯ ಮೂರನೇ ರೂಟರ್) * * * ಅಂತ ಬರುತ್ತೆ, ಮುಂದಿನವು ಸರಿ. ಕಂಪನಿಗೆ ದೂರು ಕೊಡಲಾ?

ಉತ್ತರ 1
ಸದ್ಯಕ್ಕೆ ಬೇಡ. ಆ ನಕ್ಷತ್ರ ನೋಡಿ ಎಲ್ಲರೂ ಗಾಬರಿಯಾಗ್ತಾರೆ, ಆದ್ರೆ ನಡುವಿನ ರೂಟರ್‌ಗಳು ಇಂಥ ಪ್ಯಾಕೆಟ್‌ಗೆ ಉತ್ತರ ಕೊಡದೆ ಸುಮ್ಮನಿರೋದು ಮಾಮೂಲು. ನಿಮ್ಮ ಡೇಟಾ ಅದರ ಮೂಲಕವೇ ದಾಟಿ ಹೋಗ್ತಿರುತ್ತೆ. ಲಾಸ್ ಒಂದು ಹಾಪ್‌ನಲ್ಲಿ ಶುರುವಾಗಿ ಕೊನೇ ಸಾಲಿನ ತನಕ ಮುಂದುವರಿದರೆ ಮಾತ್ರ ಲೆಕ್ಕಕ್ಕೆ.

ನಿಮ್ಮ ನಿಜವಾದ ಸುಳಿವು ಆ 410. ಪಕ್ಕದ ಕೋಣೆಯ ರೂಟರ್ ತಲುಪೋಕೇ ಇಷ್ಟು ಹೊತ್ತು ಹಿಡಿದರೆ ಗಂಟು ಮನೆಯೊಳಗೇ ಇದೆ. ಕೇಬಲ್‌ನಲ್ಲಿ ಇದು 1ಕ್ಕಿಂತ ಕಡಿಮೆ, ಒಳ್ಳೇ ವೈಫೈನಲ್ಲಿ 2–5 ಇರಬೇಕು. ರಾತ್ರಿ 8ರ ಮೇಲೆಯೇ ಲ್ಯಾನ್ ಕೇಬಲ್ ಹಾಕಿ, ವೈಫೈ ಆಫ್ ಮಾಡಿ, ಎರಡು ಕಮಾಂಡ್ ಪ್ರಾಂಪ್ಟ್ ತೆರೆದು ಎರಡೂ ವಿಳಾಸಕ್ಕೆ ಒಟ್ಟಿಗೆ 100 ಸಲ ಪಿಂಗ್ ಕೊಡಿ. ವಿಂಡೋಸ್ ತಾನಾಗಿ ಕಳಿಸೋದು 4 ಮಾತ್ರ, ಅದರಲ್ಲಿ ಏನೂ ಗೊತ್ತಾಗಲ್ಲ. ವೈಫೈ ಯಾವ ಚಾನೆಲ್‌ನಲ್ಲಿದೆ ಅನ್ನೋದನ್ನೂ ಬರೆಯಿರಿ.

ಉತ್ತರ 2
ಜೊತೆಗೆ ಇನ್ನೊಂದು: ಕೇಬಲ್‌ನಲ್ಲೇ ಇದ್ದು, ದೊಡ್ಡದೊಂದು ಫೈಲ್ ಅಪ್‌ಲೋಡ್‌ಗೆ ಹಾಕಿ 8.8.8.8ಕ್ಕೆ ಪಿಂಗ್ ನೋಡಿ. ಖಾಲಿ ಇದ್ದಾಗ 10–15 ಇದ್ದದ್ದು 300 ದಾಟಿದರೆ ಅದು ಬಫರ್‌ಬ್ಲೋಟ್. ಪ್ಯಾಕೆಟ್‌ಗಳು ರೂಟರ್‌ನ ಕ್ಯೂನಲ್ಲಿ ಕಾಯ್ತಿವೆ ಅಂತ ಅರ್ಥ. ಸ್ಪೀಡ್ ಟೆಸ್ಟ್‌ನ ದೊಡ್ಡ ಅಂಕಿ ಇದನ್ನು ತೋರಿಸಲ್ಲ.

ಪ್ರಶ್ನೆ ಕೇಳಿದವರು
ಕೇಬಲ್‌ನಲ್ಲಿ ರೂಟರ್‌ಗೆ 1ರ ಒಳಗೆ, 8.8.8.8ಕ್ಕೆ 12, ಲಾಸ್ ಸೊನ್ನೆ, ಸ್ಪೀಡ್ 93. ಅಪ್‌ಲೋಡ್ ಹಾಕಿದರೆ 12 ಇದ್ದದ್ದು 340 ಆಗುತ್ತೆ. ವೈಫೈ 2.4 ಗಿಗಾಹರ್ಟ್ಸ್, ಚಾನೆಲ್ 4.

ಉತ್ತರ 1
ಹಾಗಾದ್ರೆ ಎರಡು ಕಾಯಿಲೆ, ಎರಡೂ ಮನೆಯಲ್ಲೇ. ಚಾನೆಲ್ 4 ಅಂದ್ರೆ 1ರಲ್ಲಿರೋರ ಗದ್ದಲವೂ ನಿಮಗೆ, 6ರಲ್ಲಿರೋರದ್ದೂ ನಿಮಗೆ. ರಾತ್ರಿ ಅಕ್ಕಪಕ್ಕದ ಮನೆಯವರೆಲ್ಲ ವಿಡಿಯೋ ಹಾಕಿದಾಗ ಕಷ್ಟ ಶುರು. ಲ್ಯಾಪ್‌ಟಾಪನ್ನು 5 ಗಿಗಾಹರ್ಟ್ಸ್‌ಗೆ ಬದಲಾಯಿಸಿ. ಗೋಡೆ ಅಡ್ಡ ಬಂದು 5 ಸಿಗದಿದ್ದರೆ 2.4ನ್ನೇ 1, 6, 11ರಲ್ಲಿ ಖಾಲಿ ಇರೋದಕ್ಕೆ ಇಟ್ಟು, ಚಾನೆಲ್‌ನ ಅಗಲ 20 ಮೆಗಾಹರ್ಟ್ಸ್ ಮಾಡಿ. 40 ಇಟ್ಟರೆ ಅಪಾರ್ಟ್‌ಮೆಂಟ್‌ನಲ್ಲಿ ನಷ್ಟವೇ ಜಾಸ್ತಿ.

ಉತ್ತರ 2
340ಕ್ಕೆ: ರೂಟರ್‌ನಲ್ಲಿ ಎಸ್‌ಕ್ಯೂಎಂ (ಕ್ಯೂ ಉದ್ದ ಆಗದಂತೆ ನೋಡಿಕೊಳ್ಳೋ ಸೆಟ್ಟಿಂಗ್) ಇದ್ದರೆ ಆನ್ ಮಾಡಿ, ಅಳೆದ ವೇಗದ 85–90% ಕೊಡಿ. ಪೂರ್ತಿ 100% ಕೊಟ್ಟರೆ ಕ್ಯೂ ಮತ್ತೆ ನಿಮ್ಮ ಹಿಡಿತದಲ್ಲಿ ಇರಲ್ಲ. ಕಂಪನಿ ಕೊಟ್ಟ ಡಬ್ಬಿಯಲ್ಲಿ ಸಾಮಾನ್ಯವಾಗಿ ಇದು ಇರಲ್ಲ; ಆಗ ಮೊಬೈಲ್‌ಗಳ ಫೋಟೋ ಬ್ಯಾಕಪ್ಪನ್ನು ಮಧ್ಯರಾತ್ರಿಗೆ ತಳ್ಳಿ.

ಉತ್ತರ 3
ಮುಂದೆ ಕೇಬಲ್‌ನಲ್ಲೇ ಲಾಸ್ ಕಂಡರೆ ಓಎನ್‌ಟಿ (ಮನೆಗೆ ಬಂದ ಫೈಬರ್ ಸೇರೋ ಡಬ್ಬಿ) ಸೆಟ್ಟಿಂಗ್ ಪುಟದಲ್ಲಿ ಆರ್‌ಎಕ್ಸ್ ಪವರ್, ಅಂದ್ರೆ ಡಬ್ಬಿಗೆ ತಲುಪೋ ಬೆಳಕಿನ ಬಲ, ನೋಡಿ. ಜಿಪಾನ್ ಅನ್ನೋ ಮಾಮೂಲು ಮನೆ ಫೈಬರ್‌ನಲ್ಲಿ -8ರಿಂದ -27 ಡಿಬಿಎಂ ಒಳಗಿರಬೇಕು. -27ರ ಅಂಚಿಗೆ ಬಂದಿದ್ದರೆ ಕಪಾಟಿನ ಹಿಂದೆ ಫೈಬರ್ ಮಡಚಿಕೊಂಡಿದೆಯಾ ಅಂತ ಮೊದಲು ನೋಡಿ, ಅಲ್ಲೂ ಏನಿಲ್ಲ ಅಂದ್ರೆ ಆಗ ದೂರು ಕೊಡಿ. ಕೇಬಲ್‌ನಲ್ಲಿ ತೆಗೆದ ಪಿಂಗ್‌ನ ಫೋಟೋ, ಸಮಯದ ಸಮೇತ ಕಳಿಸಿ. ವೈಫೈ ಫಲಿತಾಂಶ ಕಳಿಸಿದರೆ ‘ರೂಟರ್ ಆಫ್ ಮಾಡಿ ಆನ್ ಮಾಡಿ’ ಅಂತಾರೆ ಅಷ್ಟೇ.