ಸಿ ಸೆಕ್ಷನ್ನಿನ ಸೇಡು

"ಮುಟ್ಟಬೇಡ!" ನಾಣಿ ಕೂಗಿದ.

ವೆಂಕಿ ಕೈ ಹಿಂದಕ್ಕೆ ಎಳೆದುಕೊಂಡ. ಟೀಪಾಯಿ ಮೇಲೆ ಒಂದು ಡಬ್ಬ. ಅದರ ಮೈಗೆ ಅಂಟಿಕೊಂಡ ಹಾಗೆ ತೆಳು ಪ್ಲಾಸ್ಟಿಕ್ಕು. ಪಕ್ಕದಲ್ಲಿದ್ದ ಚಕ್ಕುಲಿ ತಟ್ಟೆಯನ್ನು ನಾಣಿ ಒಂದು ಮೊಳ ದೂರ ಸರಿಸಿದ.

"ಎಣ್ಣೆ ಕೈ" ಎಂದ.

"ಒಳಗೆ ಏನಿದೆ? ಸಾಲಿಗ್ರಾಮವೇ?" ಕಿಟ್ಟಣ್ಣ ಕೇಳಿದರು.

"ಇಟಲಿಯವರ ಕೌಬಾಯ್ ಸಿನಿಮಾ ಕಿಟ್ಟಣ್ಣ. ನಾಲ್ಕಿವೆ. ನಾಲ್ಕೂ ಸೇಡಿನ ಕಥೆ. ಮೂಲ ನೆಗೆಟಿವ್‌ನಿಂದ ಸ್ಕ್ಯಾನ್ ಮಾಡಿ, ಧೂಳು, ಗೀರು ಎಲ್ಲಾ ತೆಗೆದು ಬ್ಲೂ-ರೇ ಡಿಸ್ಕ್ ಮಾಡಿದ್ದಾರೆ."

"ಕೌಬಾಯ್ ಸಿನಿಮಾದಿಂದ ಧೂಳು ತೆಗೆದರೆ ಉಳಿಯೋದೇನು? ಕುದುರೆ, ಟೋಪಿ."

"ಇದರಲ್ಲಿ ಒಂದು ಹಾರರ್ ಥರ ಇದೆ. 1970ರದ್ದು. ‘ಆ್ಯಂಡ್ ಗಾಡ್ ಸೆಡ್ ಟು ಕೇನ್’. ಆಂಟೋನಿಯೊ ಮಾರ್ಗರೀಟಿ ನಿರ್ದೇಶನ. ಕ್ಲೌಸ್ ಕಿನ್ಸ್ಕಿ ಹೀರೊ."

"ಸರಿ, ಹಾಕು. ನೋಡೇಬಿಡೋಣ."

ನಾಣಿ ಕೆಮ್ಮಿದ. "ಆಗಲ್ಲ."

"ಪ್ಲೇಯರ್ ಕೆಟ್ಟಿದೆಯಾ?"

"ಚೆನ್ನಾಗೇ ಇದೆ. ಆದರೆ ಇದು ಮಗ ಅಮೆರಿಕದಿಂದ ಕಳಿಸಿದ ಡಿಸ್ಕು. ಬ್ಲೂ-ರೇಗೆ ಅಂತ ಪ್ರಪಂಚಾನ ಮೂರು ಭಾಗ ಮಾಡಿದ್ದಾರೆ. ಅಮೆರಿಕ, ಜಪಾನು ಎ. ಯುರೋಪು ಬಿ. ನಾವು, ಚೀನಾ, ರಷ್ಯಾ ಸಿ. ಇದು ಎ ಡಿಸ್ಕು. ನಮ್ಮ ಸಿ ಪ್ಲೇಯರ್‌ನಲ್ಲಿ ಓಡಲ್ಲ."

ಕಿಟ್ಟಣ್ಣ ತಲೆಯಾಡಿಸಿದರು. "ಹೈಸ್ಕೂಲಲ್ಲೂ ನಾನು ಸಿ ಸೆಕ್ಷನ್ನೇ. ಎ ಸೆಕ್ಷನ್‌ನವರಿಗೆ ಲ್ಯಾಬಿನಲ್ಲಿ ಪ್ರಯೋಗ ಮಾಡಿ ತೋರಿಸೋರು. ನಮಗೆ ಬೋರ್ಡ್ ಮೇಲೆ ಚಿತ್ರ ಬರೆದು, ಹೀಗೇ ಆಗುತ್ತೆ, ನಂಬಿ, ಅನ್ನೋರು."

"ಓಡದೇ ಇರೋದನ್ನ ತರಿಸಿದ್ದು ಯಾಕೆ?" ವೆಂಕಿಗೆ ನಿಜವಾಗಿಯೂ ಅರ್ಥವಾಗಿರಲಿಲ್ಲ.

"ಸಂಗ್ರಹಕ್ಕೆ. ಒಳಗೆ ಪುಸ್ತಕ ಇದೆ, ಪೋಸ್ಟರ್ ಇದೆ."

"ಪುಸ್ತಕಕ್ಕೂ ಸೆಕ್ಷನ್ ಉಂಟಾ? ಓದಬಹುದಲ್ಲ."

"ಬಿಚ್ಚಿದರೆ ಬೆಲೆ ಬೀಳುತ್ತೆ."

ಕಿಟ್ಟಣ್ಣ ಬೀರುವಿನ ಕಡೆ ನೋಡಿದರು. ಗಾಜಿನ ಹಿಂದೆ ಸಾಲುಸಾಲು ಡಬ್ಬ. ಒಂದಕ್ಕೂ ಪ್ಲಾಸ್ಟಿಕ್ ಹರಿದಿರಲಿಲ್ಲ. "ಈಗ ಇದೇ ಒಂದು ಖಾಯಿಲೆಯಾಗಿದೆ. ನಾಲ್ಕು ಕಾಸಿನಲ್ಲಿ ತೆಗೆದ ಸಿನಿಮಾಗೆ ನಾಲ್ಕು ಸಾವಿರದ ಡಬ್ಬ. ತೆಂಗಿನಕಾಯಿ ಒಡೆಯದೇ ಚಟ್ನಿ ಚಪ್ಪರಿಸೋದು. ನೀನು ನೋಡಿಲ್ಲ, ವೆಂಕಿ ನೋಡಿಲ್ಲ. ನಾನು ನೋಡಿದ್ದೇನೆ ಕಣೋ ಈ ಸಿನಿಮಾನ."

"ಎಲ್ಲಿ?"

"1986. ನಮ್ಮ ಬೀದಿ ವಿಡಿಯೋ ಲೈಬ್ರರಿ ನೆನಪಿದೆಯಲ್ಲ. ಟಿವಿ, ಕ್ಯಾಸೆಟ್ ಹಾಕೋ ವಿಸಿಪಿ, ಮೂರು ಕ್ಯಾಸೆಟ್ಟು, ಒಂದು ರಾತ್ರಿಗೆ ಬಾಡಿಗೆ. ಎರಡು ಹಿಂದಿ ನಮ್ಮ ಮನೆ ಹೆಂಗಸರ ಆಯ್ಕೆ. ಮೂರನೇದಕ್ಕೆ ಹೆಸರೇ ಇರಲಿಲ್ಲ. ಬೆನ್ನ ಮೇಲೆ ಬಾಲ್‌ಪೆನ್ನಲ್ಲಿ ‘ಇಂಗ್ಲಿಷ್ ಫೈಟಿಂಗ್ 3’ ಅಂತ ಬರೆದಿತ್ತು. ರಾತ್ರಿ ಎರಡು ಗಂಟೆಗೆ ಹಾಕಿದೆವು."

ಕಿಟ್ಟಣ್ಣ ಕಾಲು ಮಡಚಿ ಸೋಫಾ ಮೇಲೆ ಕೂತರು. ಇನ್ನು ಅವರನ್ನು ಯಾರೂ ನಿಲ್ಲಿಸುವ ಹಾಗಿಲ್ಲ.

"ಗ್ಯಾರಿ ಹ್ಯಾಮಿಲ್ಟನ್ ಅಂತ ಒಬ್ಬ. ಮಾಡದ ತಪ್ಪಿಗೆ ಹತ್ತು ವರ್ಷ ಕಲ್ಲು ಒಡೆದಿರ್ತಾನೆ. ಕ್ಷಮಾದಾನ ಸಿಗುತ್ತೆ. ಸಿಕ್ಕಿಸಿ ಹಾಕಿದವನು ಅಕೊಂಬಾರ್, ಈಗ ಊರಿಗೇ ದೊಡ್ಡ ಮನುಷ್ಯ. ದಾರಿಯಲ್ಲಿ ಅದೇ ಅಕೊಂಬಾರನ ಮಗ ಸಿಗ್ತಾನೆ. ಏನೂ ಅರಿಯದ ಹುಡುಗ. ಸಂಜೆಗೆ ನಾನು ಬರ್ತೀನಿ ಅಂತ ನಿಮ್ಮಪ್ಪನಿಗೆ ಹೇಳಪ್ಪ ಅಂತಾನೆ ಇವನು. ಸೇಡು ತೀರಿಸಿಕೊಳ್ಳೋಕೆ ಹೋಗೋನು ಮೊದಲೇ ಹೇಳಿ ಕಳಿಸ್ತಾನೆ! ನಮ್ಮ ನೆಂಟರಿಗೂ ಇಲ್ಲ ಆ ಸೌಜನ್ಯ."

"ಆಮೇಲೆ ದೆವ್ವ ಬರುತ್ತಾ?"

"ದೆವ್ವ ಇಲ್ಲ ಕಣೋ. ಕಥೆಯೆಲ್ಲ ಹೆಚ್ಚುಕಡಿಮೆ ಒಂದೇ ರಾತ್ರಿ ನಡೆಯೋದು. ಬಿರುಗಾಳಿ ಎದ್ದಿರುತ್ತೆ. ಚರ್ಚಿನ ಗಂಟೆ ತಾನಾಗೇ ಹೊಡೆದುಕೊಳ್ಳುತ್ತೆ. ಊರ ಕೆಳಗೆಲ್ಲ ಸುರಂಗ. ಇವನು ಅಲ್ಲಿ ಮುಳುಗಿ ಇಲ್ಲಿ ಏಳ್ತಾನೆ. ಒಬ್ಬೊಬ್ಬರೇ ಸಾಯ್ತಾರೆ."

ನಾಣಿಗೆ ಸುಮ್ನಿರಲಾಗಲಿಲ್ಲ. "ಮಾರ್ಗರೀಟಿ ಅದಕ್ಕೆ ಮುಂಚೆ ಹಾಳು ಬಂಗಲೆ, ಮೋಂಬತ್ತಿ, ಬಿಳಿ ಸೀರೆ ಥರದ ಸಿನಿಮಾಗಳನ್ನೂ ಮಾಡಿದ್ದವನು. ಅದನ್ನೇ ಕೌಬಾಯ್ ಊರಿಗೆ ತಂದ."

"ಜಾಣ. ರಾತ್ರಿಗಿಂತ ಅಗ್ಗದ ಸೆಟ್ಟು ಯಾವುದಿದೆ? ಕತ್ತಲೆಗೆ ಬಣ್ಣ ಬಳಿಯಬೇಕಿಲ್ಲ. ಹೆಸರೂ ಅಷ್ಟೆ. ಪೋಸ್ಟರ್ ಮೇಲೆ ‘ಆಂಟನಿ ಡಾಸನ್’ ಅಂತ ಹಾಕಿಕೊಳ್ಳೋನು, ಜನ ಅಮೆರಿಕದ್ದು ಅಂದುಕೊಳ್ಳಲಿ ಅಂತ. ಇಟಲಿಯ ನಿರ್ದೇಶಕ, ಜರ್ಮನಿಯ ಹೀರೊ, ವಿಲನ್ನೂ ಜರ್ಮನಿಯೋನೇ, ಕಥೆ ಅಮೆರಿಕದ್ದು. ಮಾತು ಎಲ್ಲರಿಗೂ ಆಮೇಲೆ ಡಬ್ಬಿಂಗು."

"ಆ ಕಾಲದಲ್ಲಿ ಟೆಕ್ನಿಸ್ಕೋಪ್ ಅಂತ ಒಂದಿತ್ತು" ಎಂದ ನಾಣಿ. "ಫಿಲಂ ಅಂಚಿನಲ್ಲಿ ತೂತು ಇರುತ್ತಲ್ಲ, ಒಂದು ಫ್ರೇಮಿಗೆ ನಾಲ್ಕು ತೂತಿನ ಬದಲು ಎರಡೇ ತೂತಿನಷ್ಟು ಜಾಗ. ಅರ್ಧ ಫಿಲಂನಲ್ಲಿ ಅಗಲ ಪರದೆ ಸಿನಿಮಾ."

"ಅರ್ಧ ಅವರು ಉಳಿಸಿದರು. ಉಳಿದಿದ್ದರಲ್ಲಿ ಅರ್ಧ ಕ್ಯಾಸೆಟ್‌ನವರು ಕತ್ತರಿಸಿದರು. ಅಗಲದ ಸಿನಿಮಾನ ಚೌಕ ಟಿವಿಗೆ ತುರುಕಬೇಕಲ್ಲ, ಎರಡೂ ಬದಿ ಹೋಯ್ತು. ಗುಂಡು ಹಾರಿಸೋನು ಕಾಣ್ತಾನೆ, ಯಾರಿಗೆ ಅಂತ ಕಾಣಲ್ಲ. ಯಾವನೋ ಕಿರುಚ್ತಾನೆ, ಎಲ್ಲಿ ಅಂತ ಕಾಣಲ್ಲ. ಅಷ್ಟರಲ್ಲಿ ಕ್ಯಾಸೆಟ್ಟು ಸವೆದು ಪರದೆ ತುಂಬ ಕರೀ ಗಂಜಿ. ಆ ಗಂಜಿಯೊಳಗೆ ಕಿನ್ಸ್ಕಿಯ ಎರಡು ಕಣ್ಣು. ನಮ್ಮ ಚಿಕ್ಕಪ್ಪ ಹಿತ್ತಲಿಗೆ ಹೋಗೋಕೆ ನನ್ನನ್ನ ಜೊತೆಗೆ ಎಬ್ಬಿಸಿದರು ಗೊತ್ತಾ? ಆ ಹೆದರಿಕೆ ಮಾರ್ಗರೀಟಿಯದ್ದಲ್ಲ, ಸವೆದ ಕ್ಯಾಸೆಟ್‌ದು. ನಿನ್ನ ಡಿಸ್ಕಿನಲ್ಲಿ ಎಷ್ಟು ಗೆರೆ?"

"1080. ನಿಮ್ಮ ಕ್ಯಾಸೆಟ್ಟು, ಅಂದರೆ ವಿಎಚ್‌ಎಸ್‌ನಲ್ಲಿ ಸುಮಾರು 240."

"ಮಿಕ್ಕ 840ನ್ನ ನಾವು ಕೂತಲ್ಲೇ ಎಳೆದುಕೊಂಡೆವು."

ವೆಂಕಿ ಚಕ್ಕುಲಿ ಮುರಿದ. "‘ಶೋಲೆ’ನೂ ಸೇಡಿಂದೇ ಅಲ್ವಾ? ರಾಮನಗರದ ಬಂಡೆ ಮೇಲೆ..."

"ಅದು 70 ಎಂಎಂ ಸೇಡು ಮಾರಾಯ. ನಾವು ಬಡವರ ಸೇಡಿನ ವಿಷಯ ಮಾತಾಡ್ತಿದ್ದೀವಿ. 1969ರಲ್ಲಿ ಒಂದು ಬಂತು, ಜಾಂಗೊ ಹೆಸರಿನದ್ದು. ಮೋಸಕ್ಕೆ ಬಿದ್ದ ಸೈನಿಕ ವಾಪಸ್ ಬಂದು, ಕೊಲ್ಲಬೇಕಾದವರ ಹೆಸರು, ಸಾಯೋ ತಾರೀಖು ಬರೆದ ಶಿಲುಬೆ ತಂದು ಅವರ ಮುಂದೆಯೇ ನೆಡ್ತಾನೆ. ಅವನು ಬದುಕಿದಾನೋ ಸತ್ತಿದಾನೋ ಹೇಳೋದೇ ಇಲ್ಲ. ಹೇಳೋಕೆ ದುಡ್ಡಿರಲಿಲ್ಲವೇನೋ."

"ಅದಿರಲಿ, ಗ್ಯಾರಿ ಕಥೆ ಏನಾಯ್ತು?"

ಕಿಟ್ಟಣ್ಣ ಮೊದಲ ಸಲ ತಡವರಿಸಿದರು. "ಅಕೊಂಬಾರನ ಮನೆ ಬಾಗಿಲ ತನಕ ಬಂದ. ಕರೆಂಟ್ ಹೋಯ್ತು. ಬರೋ ಹೊತ್ತಿಗೆ ಬೆಳಗಾಗಿತ್ತು. ಲೈಬ್ರರಿ ಹುಡುಗ ಸೈಕಲ್ ತಂದು ಗೇಟಿನ ಹತ್ತಿರ ನಿಂತಿದ್ದ."

"ಕೊನೆ ನೋಡೇ ಇಲ್ವಾ?"

"ಇಲ್ಲ. ಮುಂದಿನ ವರ್ಷ ಹೋಗಿ ಕೇಳಿದೆ. ಆ ಕ್ಯಾಸೆಟ್ ಇಲ್ಲ ಅಂದ."

"ಕನ್ನಡಿ ಇರೋ ಕೋಣೆ" ಎಂದು ಹಿಂದಿನಿಂದ ದನಿ ಬಂತು.

ಗೌರಕ್ಕ ಕಾಫಿ ತಟ್ಟೆ ಹಿಡಿದು ನಿಂತಿದ್ದರು.

"ಒಂದು ಕೋಣೆ ತುಂಬ ಕನ್ನಡಿ. ಯಾವುದು ಮನುಷ್ಯ, ಯಾವುದು ನೆರಳು ಗೊತ್ತಾಗಲ್ಲ. ಆ ಕಣ್ಣಿನೋನು ಅಲ್ಲಿಗೆ ಬರ್ತಾನೆ. ಮನೆ ಹೊತ್ತಿಕೊಳ್ಳುತ್ತೆ." ತಟ್ಟೆ ಇಡಲು ಜಾಗ ಹುಡುಕಿದರು. ನಾಣಿ ಡಬ್ಬವನ್ನು ಎತ್ತಿ ತೊಡೆಯ ಮೇಲಿಟ್ಟುಕೊಂಡ.

"ನಿನಗೆ ಹೇಗೆ ಗೊತ್ತಮ್ಮ?" ಕಿಟ್ಟಣ್ಣನ ಬಾಯಿ ತೆರೆದೇ ಇತ್ತು.

"ನಮ್ಮ ಮದುವೆ ಕ್ಯಾಸೆಟ್‌ನಲ್ಲಿ ಇತ್ತಲ್ಲ. 1987. ವಿಡಿಯೋ ತೆಗೆದವನು ಅದೇ ಲೈಬ್ರರಿಯವನು. ಹೊಸ ಕ್ಯಾಸೆಟ್ಟಿಗೆ ಅಂತ ಇವರಪ್ಪನ ಹತ್ತಿರ ದುಡ್ಡು ಇಸ್ಕೊಂಡು, ಮತ್ತೆ ರೆಕಾರ್ಡ್ ಆಗಲಿ ಅಂತ ಹಳೇದರ ತೂತಿಗೆ ಟೇಪ್ ಅಂಟಿಸಿ, ಅದರ ಮೇಲೇ ನಮ್ಮ ಮದುವೆ ತುಂಬಿಸಿದ್ದ. ‘ಶುಭವಿವಾಹ’ ಅಂತ ಅಂಟಿಸಿದ ಚೀಟಿ ಒಂದು ಮೂಲೆ ಎದ್ದಿತ್ತು. ಕೆಳಗೆ ‘ಫೈಟಿಂಗ್ 3’ ಕಾಣ್ತಿತ್ತು."

"ನಾನು ನೋಡೇ ಇಲ್ಲ!" ಎಂದ ನಾಣಿ.

"ನೀವು ಮಾಂಗಲ್ಯಧಾರಣೆ ಹೊತ್ತಿಗೇ ನಿದ್ದೆ. ನಮ್ಮ ಮದುವೆ ಒಂದೂವರೆ ಗಂಟೆ. ಅದು ಮುಗಿದ ತಕ್ಷಣ ಮನೆ ಹೊತ್ತಿ ಉರಿಯೋದು."

ಕಿಟ್ಟಣ್ಣ ಕಾಫಿ ನೆತ್ತಿಗೇರಿಸಿಕೊಂಡರು.

"ಅತ್ತೆಗೆ ಅಪಶಕುನ ಅಂತ ಭಯ. ಬೆಂಕಿ ಬರೋ ಮುಂಚೆ ನಿಲ್ಲಿಸು ಅನ್ನೋರು. ಅವರು ಮಲಗಿದ ಮೇಲೆ ನಾನು ಒಬ್ಬಳೇ ಕೊನೇ ಭಾಗ ಹಾಕಿಕೊಂಡು ಕೂರ್ತಿದ್ದೆ."

"ಗೌರಮ್ಮ, ನಿನಗೂ ಕೌಬಾಯ್ ಹುಚ್ಚಾ?"

"ಅಯ್ಯೋ, ಅದಕ್ಕಲ್ಲ ಕಿಟ್ಟಣ್ಣ. ಮದುವೆಯ ಕೊನೇ ಚೂರಿನಲ್ಲಿ ಅಪ್ಪ ಬರ್ತಾರೆ. ಇಡೀ ಕ್ಯಾಸೆಟ್‌ನಲ್ಲಿ ಅದೊಂದೇ ಕಡೆ. ಉಳಿದ ಹೊತ್ತೆಲ್ಲ ಅಡುಗೆಯವರ ಹಿಂದೆ ಓಡಾಡಿಕೊಂಡಿದ್ದರಲ್ಲ. ಛತ್ರದ ಬಾಗಿಲಲ್ಲಿ ಬಗ್ಗಿ ಚಪ್ಪಲಿ ಹುಡುಕ್ತಿರ್ತಾರೆ. ಒಂದು ಸಿಕ್ಕಿರುತ್ತೆ, ಕಾಲಿಗೆ ಹಾಕಿಕೊಂಡಿದ್ದಾರೆ. ಇನ್ನೊಂದಕ್ಕೆ ಆ ಕಡೆ ಈ ಕಡೆ ನೋಡ್ತಾರೆ. ತಲೆ ಎತ್ತಿ ಏನೋ ಹೇಳೋಕೆ ಬರ್ತಾರೆ. ಅಷ್ಟರಲ್ಲಿ ಗೆರೆಗೆರೆ ಬಂದು ಕನ್ನಡಿ ಕೋಣೆ."

ಯಾರೂ ಮಾತಾಡಲಿಲ್ಲ.

"ಆ ಕ್ಯಾಸೆಟ್ ಎಲ್ಲಿದೆ ಅಕ್ಕ?" ವೆಂಕಿ ಕೇಳಿದ.

"ಅಟ್ಟದ ಮೇಲೆ. ಬೂಷ್ಟು ಹಿಡಿದಿದೆ. ಓಡಲ್ಲ."

ನಾಣಿ ತೊಡೆಯ ಮೇಲಿದ್ದ ಡಬ್ಬವನ್ನು ಮೆಲ್ಲಗೆ ನೆಲಕ್ಕಿಟ್ಟ. ಎದ್ದು ಅಟ್ಟದ ಏಣಿ ಹುಡುಕಿಕೊಂಡು ಒಳಗೆ ಹೋದ.

"ಇನ್ನೊಂದು ಚಪ್ಪಲಿ ಸಿಕ್ಕಿರುತ್ತೆ ಬಿಡು ಗೌರಮ್ಮ" ಎಂದರು ಕಿಟ್ಟಣ್ಣ.

"ಸಿಕ್ಕಿರಬೇಕು" ಎಂದರು ಗೌರಕ್ಕ. "ಊರಿಗೆ ಹೋದರಲ್ಲ."