ಫ್ಲಟರ್: ಡೆಲಿವರಿ ಫ್ಲೇವರ್ ಐಫೋನ್‌ಗೆ ಬಿಲ್ಡ್ ಆಗ್ತಿಲ್ಲ, ಯಾರಾದ್ರೂ ನೋಡಿ

ಹಿಂಜವಡಿ_ಹುಡುಗ:
ಎರಡು ದಿನದಿಂದ ತಲೆ ಕೆಟ್ಟು ಹೋಗಿದೆ. ಇಲ್ಲೇ ಮೆಸ್ ನಡೆಸುವ ನಮ್ಮ ಚಿಕ್ಕಪ್ಪನಿಗೆ ಫ್ಲಟರ್‌ನಲ್ಲಿ (ಆಂಡ್ರಾಯ್ಡ್, ಐಫೋನ್ ಎರಡಕ್ಕೂ ಒಂದೇ ಕೋಡ್‌ನಲ್ಲಿ ಆ್ಯಪ್ ಮಾಡುವ ಸಾಧನ) ಡಬ್ಬಾ ಆ್ಯಪ್ ಮಾಡುತ್ತಿದ್ದೇನೆ. ಕೋಡ್ ಒಂದೇ, ಆ್ಯಪ್ ಎರಡು; ಒಂದೊಂದು ರೂಪವೂ ಒಂದು ಫ್ಲೇವರ್. ಊಟ ತರಿಸುವವರಿಗೆ 'ಗ್ರಾಹಕ', ಡಬ್ಬಾ ಮುಟ್ಟಿಸುವ ಹುಡುಗರಿಗೆ 'ಡೆಲಿವರಿ'. ಆಂಡ್ರಾಯ್ಡ್‌ನಲ್ಲಿ ಎರಡೂ ಸರಿ. ಐಫೋನ್‌ಗೆ ಕೊಟ್ಟರೆ ಪ್ರಾಜೆಕ್ಟ್‌ನಲ್ಲಿ ಕಸ್ಟಮ್ ಸ್ಕೀಮ್ (ಯಾವ ಆ್ಯಪ್ ಹೇಗೆ ಬಿಲ್ಡ್ ಆಗಬೇಕೆಂಬ ಸೆಟ್ಟಿಂಗ್) ಇಲ್ಲ, ಫ್ಲೇವರ್ ಬಳಸಲು ಆಗಲ್ಲ ಎಂಬ ಎರರ್. ಸ್ಕೀಮ್ ಮಾಡಿದ್ದೇನೆ, ಆಪಲ್‌ನ ಆ್ಯಪ್ ಮಾಡುವ ಸಾಫ್ಟ್‌ವೇರ್ ಎಕ್ಸ್‌ಕೋಡ್‌ನಲ್ಲಿ ಕಣ್ಣೆದುರಿಗೇ ಇದೆ! ಸೋಮವಾರ ಚಿಕ್ಕಪ್ಪನಿಗೆ ತೋರಿಸಬೇಕು.

ಮಾಟುಂಗಾ_ಮಾವ:
ಪಾಡ್‌ಫೈಲ್ ನೋಡು, ಐಫೋನ್ ಆ್ಯಪ್‌ಗೆ ಬೇಕಾದ ಲೈಬ್ರರಿಗಳ ಪಟ್ಟಿ ಇರುವ ಫೈಲ್. 'ಡೀಬಗ್-ಡೆಲಿವರಿ' ಅಂತ ಹೊಸ ಕಾನ್ಫಿಗರೇಶನ್ ಮಾಡಿದರೆ ಅದನ್ನು ಪಾಡ್‌ಫೈಲ್‌ನಲ್ಲಿ ಡೀಬಗ್‌ಗೆ ಜೋಡಿಸಬೇಕು. ಇಲ್ಲದಿದ್ದರೆ ಆ ಲೈಬ್ರರಿಗಳನ್ನು ತರಿಸುವ ಕೊಕೊಪಾಡ್ಸ್ ಅದನ್ನು ರಿಲೀಸ್ (ಅಂತಿಮ ಬಿಲ್ಡ್) ಎಂದೇ ಹಿಡಿಯುತ್ತದೆ. ಹತ್ತರಲ್ಲಿ ಎಂಟು ಸಲ ತೊಂದರೆ ಇದೇ.

ಹಿಂಜವಡಿ_ಹುಡುಗ:
ಜೋಡಿಸಿದೆ ಮಾವ. ಪಾಡ್ ಇನ್‌ಸ್ಟಾಲ್ ಕೂಡ ಮಾಡಿದೆ. ಅದೇ ಎರರ್.

ಮಾಟುಂಗಾ_ಮಾವ:
ಹಾಗಾದರೆ ಪಾಡ್ಸ್ ಫೋಲ್ಡರ್, ಲಾಕ್ ಫೈಲ್ ಎರಡನ್ನೂ ಅಳಿಸಿ ಮತ್ತೆ ಮಾಡು. ಡಿರೈವ್ಡ್ ಡೇಟಾನೂ (ಹಳೇ ಬಿಲ್ಡ್‌ನ ಫೈಲ್‌ಗಳು) ಖಾಲಿ ಮಾಡು.

ವಾಕಡ್_ಅಕ್ಕ:
ಮಾವ, ಲಾಕ್ ಫೈಲ್ ಅಳಿಸಲು ಮಾತ್ರ ಹೇಳಬೇಡಿ. ಲೈಬ್ರರಿಗಳ ವರ್ಷನ್ ಬದಲಾಗಿ ಇನ್ನೊಂದು ತಲೆನೋವು ಶುರುವಾಗುತ್ತದೆ.

ಮಾಟುಂಗಾ_ಮಾವ:
ಎಂಟು ವರ್ಷದಿಂದ ಹಾಗೇ ಮಾಡುತ್ತಿದ್ದೇನೆ, ಏನೂ ಆಗಿಲ್ಲ.

ವಾಕಡ್_ಅಕ್ಕ:
ಒಬ್ಬರೇ ಕೆಲಸ ಮಾಡುವಾಗ ನಡೆಯುತ್ತದೆ. ನಾಲ್ಕು ಜನ ಇರುವ ಕಡೆ ನಡೆಯಲ್ಲ. ಇದನ್ನು ನಾನು ಬಿಟ್ಟುಕೊಡಲ್ಲ.

ಡೊಂಬಿವಲಿ_ಲೋಕಲ್:
ಇಲ್ಲೇ ಕೇಳಿಬಿಡ್ತೀನಿ. ನನಗೆ ಆಂಡ್ರಾಯ್ಡ್‌ನಲ್ಲಿ ಒಂದು ಫ್ಲೇವರ್ ಹಾಕಿದರೆ ಇನ್ನೊಂದು ಫೋನಿಂದ ಹೋಗಿಬಿಡುತ್ತದೆ. ಎರಡೂ ಒಟ್ಟಿಗೆ ಇರುವ ಹಾಗೆ ಮಾಡೋದು ಹೇಗೆ?

ವಾಕಡ್_ಅಕ್ಕ:
ಎರಡಕ್ಕೂ ಅಪ್ಲಿಕೇಶನ್ ಐಡಿ ಒಂದೇ ಇದೆ, ಅದಕ್ಕೆ. ಆಂಡ್ರಾಯ್ಡ್ ಬಿಲ್ಡ್ ಮಾಡುವ ಗ್ರೇಡಲ್‌ನಲ್ಲಿ ಒಂದು ಫ್ಲೇವರ್‌ಗೆ ಐಡಿ ಸಫಿಕ್ಸ್ (ಐಡಿಯ ಕೊನೆಗೆ ಸೇರುವ ಪದ) ಕೊಡಿ. ಆಗ ಫೋನಿಗೆ ಅವು ಎರಡು ಬೇರೆ ಆ್ಯಪ್. ಹಾಗೇ, ಫ್ಲೇವರ್ ಹೆಸರು 'ಟೆಸ್ಟ್' ಅಂತ ಶುರುವಾಗಬಾರದು, ಗ್ರೇಡಲ್ ಒಪ್ಪಲ್ಲ. ಇದಕ್ಕೆ ನನ್ನ ಅರ್ಧ ದಿನ ಹೋಗಿತ್ತು.

ಮಡಗಾಂವ್_ಮಳೆ:
ನಾನು ಈ ಸಲ ಮ್ಯಾಕ್ ಮಿನಿ ತಗೊಂಡೆ, 32 ಜಿಬಿ. ಎರಡು ಮಾನಿಟರ್, ಒಂದು ಅಡ್ಡ, ಒಂದು ಉದ್ದ. ಮಳೆಗಾಲದಲ್ಲಿ ಇಲ್ಲಿ ಕರೆಂಟ್ ಹೇಳದೆ ಕೇಳದೆ ಹೋಗುತ್ತದೆ. ಅದಕ್ಕೇ ಇನ್ವರ್ಟರ್ ಬೇರೆ. ಮೂರು ಫ್ಲೇವರ್ ಒಂದೇ ಸಲ ಬಿಲ್ಡ್‌ಗೆ ಹಾಕಿ ಚಹಾ ಮಾಡಿಕೊಂಡು ಬರುವಷ್ಟರಲ್ಲಿ ಮುಗಿದಿರುತ್ತದೆ.

ಮಾಟುಂಗಾ_ಮಾವ:
ಇನ್ವರ್ಟರ್ ಎಷ್ಟು ಹೊತ್ತು ಬರುತ್ತದೆ? ನನ್ನ ಹಳೇ ಬ್ಯಾಟರಿ ಮುಗಿಯುತ್ತಾ ಬಂದಿದೆ.

ಹಿಂಜವಡಿ_ಹುಡುಗ:
ದಯವಿಟ್ಟು ನನ್ನದನ್ನೂ ನೋಡಿ. ಮಾವ ಹೇಳಿದ್ದೆಲ್ಲ ಮಾಡಿದೆ. ನನ್ನ ಮ್ಯಾಕ್‌ಬುಕ್‌ನಲ್ಲಿ ಮೊದಲೂ ಓಡುತ್ತಿತ್ತು, ಈಗಲೂ ಓಡುತ್ತದೆ. ಗೆಳೆಯನ ಮ್ಯಾಕ್‌ನಲ್ಲಿ ಗಿಟ್‌ನಿಂದ (ಕೋಡ್ ಹಂಚಿಕೊಳ್ಳುವ ವ್ಯವಸ್ಥೆ) ಇಳಿಸಿಕೊಂಡು ಮಾಡಿದರೆ ಮಾತ್ರ ಎರರ್.

ವಾಕಡ್_ಅಕ್ಕ:
ಅಯ್ಯೋ, ಇದನ್ನಲ್ವಾ ಮೊದಲೇ ಹೇಳಬೇಕಿದ್ದು! ಪಾಡ್‌ಫೈಲ್‌ಗೂ ಇದಕ್ಕೂ ಸಂಬಂಧವೇ ಇಲ್ಲ. ಎಕ್ಸ್‌ಕೋಡ್‌ನಲ್ಲಿ ಪ್ರಾಡಕ್ಟ್, ಸ್ಕೀಮ್, ಮ್ಯಾನೇಜ್ ಸ್ಕೀಮ್ಸ್ ತೆರೆಯಪ್ಪ. ಪ್ರತಿ ಸ್ಕೀಮ್ ಮುಂದೆ 'ಶೇರ್ಡ್' ಅಂತ ಒಂದು ಟಿಕ್ ಇರುತ್ತದೆ. ಅದು ಇಲ್ಲದಿದ್ದರೆ ಸ್ಕೀಮ್ ಫೈಲ್ ಎಕ್ಸ್‌ಸಿ-ಯೂಸರ್‌ಡೇಟಾ ಫೋಲ್ಡರ್‌ನಲ್ಲಿ, ನಿನ್ನ ಹೆಸರಿನಡಿ ಕೂರುತ್ತದೆ. ಆ ಫೋಲ್ಡರ್ ಗಿಟ್‌ಇಗ್ನೋರ್‌ನಲ್ಲಿ ಇರುತ್ತದೆ, ಹಾಗಾಗಿ ಗಿಟ್‌ಗೆ ಹೋಗಲ್ಲ. ನಿನಗೆ ಕಾಣುವ ಸ್ಕೀಮ್ ಗೆಳೆಯನ ಕಡೆ ಇಲ್ಲವೇ ಇಲ್ಲ. ಟಿಕ್ ಹಾಕು. ಫೈಲ್ ಎಕ್ಸ್‌ಸಿ-ಶೇರ್ಡ್‌ಡೇಟಾಗೆ ಬರುತ್ತದೆ, ಅದನ್ನು ಕಮಿಟ್ ಮಾಡು. ಅವನ ಮ್ಯಾಕ್‌ನಲ್ಲಿ ಐಓಎಸ್ ಫೋಲ್ಡರ್‌ಗೆ ಹೋಗಿ ಟರ್ಮಿನಲ್‌ನಲ್ಲಿ ಎಕ್ಸ್‌ಕೋಡ್‌ಬಿಲ್ಡ್ ಕಮಾಂಡ್‌ಗೆ ಲಿಸ್ಟ್ ಕೊಟ್ಟರೆ ಸ್ಕೀಮ್‌ಗಳ ಪಟ್ಟಿಯಲ್ಲಿ 'ಡೆಲಿವರಿ' ಕಾಣಬೇಕು.

ಹಿಂಜವಡಿ_ಹುಡುಗ:
ಆಯ್ತು ಅಕ್ಕಾ!! 'ಗ್ರಾಹಕ'ಕ್ಕೂ ಟಿಕ್ ಇರಲಿಲ್ಲ. ಎರಡೂ ಕಮಿಟ್ ಮಾಡಿದೆ, ಅವನ ಕಡೆ ಬಿಲ್ಡ್ ಆಯಿತು. ಆದರೆ ಡೆಲಿವರಿ ಆ್ಯಪ್‌ಗೂ ಗ್ರಾಹಕದ ಐಕಾನೇ ಬರುತ್ತಿದೆ.

ವಾಕಡ್_ಅಕ್ಕ:
ಅಸೆಟ್ಸ್‌ನಲ್ಲಿ ಇನ್ನೊಂದು ಐಕಾನ್ ಸೆಟ್ ಮಾಡು. ಬಿಲ್ಡ್ ಸೆಟ್ಟಿಂಗ್ಸ್‌ನಲ್ಲಿ ಆ್ಯಪ್ ಐಕಾನ್ ಅಂತ ಹುಡುಕಿ, ಡೆಲಿವರಿಯ ಮೂರು ಕಾನ್ಫಿಗರೇಶನ್‌ಗೂ (ಡೀಬಗ್, ರಿಲೀಸ್, ಪ್ರೊಫೈಲ್) ಆ ಹೆಸರು ಕೊಡು. ಮೂರಕ್ಕೂ, ಬರೀ ಡೀಬಗ್‌ಗೆ ಅಲ್ಲ.

ಮಾಟುಂಗಾ_ಮಾವ:
ಟಿಕ್ ವಿಷಯ ನನಗೆ ಹೊಳೆಯಲೇ ಇಲ್ಲ. ಒಳ್ಳೆಯದಾಯ್ತು. ಆದರೂ ಆ ಪಾಡ್‌ಫೈಲ್ ಜೋಡಣೆ ಹಾಗೇ ಇರಲಿ, ತೆಗೆಯಬೇಡ.

ಡೊಂಬಿವಲಿ_ಲೋಕಲ್:
ಸಫಿಕ್ಸ್ ಕೊಟ್ಟೆ. ಈಗ ಫೈರ್‌ಬೇಸ್ (ಗೂಗಲ್‌ನ ಆ್ಯಪ್ ಸೇವೆ) ಈ ಪ್ಯಾಕೇಜ್ ಹೆಸರಿನ ಕ್ಲೈಂಟ್ ಸಿಗಲಿಲ್ಲ ಅನ್ನುತ್ತಿದೆ. ಅಕ್ಕಾ, ಇದ್ದೀರಾ?